ಮುಂದಿನದು ಅಕ್ಕನಿಗೆ

ಹತ್ತನೇ ಹಾಸಿಗೆಯನ್ನು ಕೊನೆಗೆ ನೋಡಿದರಾಯಿತು ಎಂದು ಅವಳು ಒಂದನೇ ಹಾಸಿಗೆಯಿಂದ ಶುರು ಮಾಡಿದಳು, ದಿನವೂ ಹಾಗೇ ಮಾಡುವವಳ ಹಾಗೆ. ನಿಜವಾಗಿ ದಿನವೂ ಅವಳು ಮೊದಲು ಹೋಗಿ ಕೂರುತ್ತಿದ್ದದ್ದು ಅಂದು ಮನೆಗೆ ಹೊರಡುವ ಬಾಣಂತಿಯರ ಹತ್ತಿರ, ಮತ್ತು ಇವತ್ತು ಹೊರಡುವವಳು ಹತ್ತನೇ ಹಾಸಿಗೆಯವಳೊಬ್ಬಳೇ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಹೆರಿಗೆ ವಾರ್ಡಿನ ಬಾಗಿಲು ತಳ್ಳಿದಾಗ ಆ ಹಾಸಿಗೆಯ ಪಕ್ಕ ಒಬ್ಬ ಹೆಂಗಸು ಈ ಕಡೆ ಬೆನ್ನು ಹಾಕಿ ನಿಂತು ಮಗುವಿನ ಬಟ್ಟೆ ಮಡಚುತ್ತಿದ್ದಳು. ಒಂದೊಂದನ್ನೂ ಎದೆಗೆ ಆನಿಸಿ, ಗಲ್ಲದಿಂದ ಒತ್ತಿ ಹಿಡಿದು, ಎರಡು ಕೈಯಲ್ಲೂ ಅಂಚು ಕೂಡಿಸುವ ರೀತಿ. ಕುತ್ತಿಗೆಯ ಎಡಕ್ಕೆ ಮೆಣಸಿನ ಕಾಳಿನಷ್ಟು ಮಚ್ಚೆ. ಏಳು ವರ್ಷದ ಹಿಂದೆ ಇದೇ ವಾರ್ಡಿನಲ್ಲಿ ಆ ಹೆಂಗಸು ಹೀಗೇ ನಿಂತು ತನ್ನ ಮಗುವಿನ ಬಟ್ಟೆ ಮಡಚಿದ್ದಳು. ಆ ಹೆಂಗಸು ತಿರುಗುವ ಮೊದಲೇ ಇವಳು ಒಂದನೇ ಹಾಸಿಗೆಯ ಕಡೆ ಸರಿದುಬಿಟ್ಟಿದ್ದಳು. ಈ ವಯಸ್ಸಿನಲ್ಲಿ, ಇಷ್ಟು ವರ್ಷ ಕೆಲಸ ಮಾಡಿದ ಮೇಲೆ, ಪಾಠ ಒಪ್ಪಿಸದ ಹುಡುಗಿಯ ಹಾಗೆ.

ಹೆರಿಗೆಯಾದ ಹೆಂಗಸರ ಪಕ್ಕದಲ್ಲಿ ಕೂತು, ಇನ್ನೊಂದು ಮಗು ಬೇಕೋ ಬೇಡವೋ, ಬೇಕಾದರೆ ಯಾವಾಗ, ಅಲ್ಲಿಯವರೆಗೆ ಏನು ಮಾಡಬಹುದು ಎಂದು ಮಾತಾಡುವುದು ಅವಳ ಕೆಲಸ. ಕಾಗದದ ಮೇಲೆ ಆಪ್ತ ಸಮಾಲೋಚಕಿ. ಬಾಯಿಮಾತಿನಲ್ಲಿ ಗ್ಯಾಪಮ್ಮ. 'ಒಂದಕ್ಕೂ ಇನ್ನೊಂದಕ್ಕೂ ಮೂರು ವರ್ಷ ಗ್ಯಾಪ್ ಇರಲಿ' ಎಂದು ಇಪ್ಪತ್ತು ವರ್ಷ ಹೇಳಿದ್ದಕ್ಕೆ ಸಂದ ಬಿರುದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ. ಒಮ್ಮೆ ಇಲಾಖೆಯ ದೊಡ್ಡ ಅಧಿಕಾರಿ ಬಂದಾಗ ಆಯಾ, "ಗ್ಯಾಪಮ್ಮ ಊಟಕ್ಕೆ ಹೋಗಿದಾರೆ ಸಾರ್" ಅಂದಿದ್ದಳು. ಆತ ಅದೇ ಹೆಸರೆಂದು ತಿಳಿದು ಸಭೆಯಲ್ಲಿ "ಶ್ರೀಮತಿ ಗ್ಯಾಪಮ್ಮನವರ ಸೇವೆ" ಎಂದು ಹೊಗಳಿ, ಮೈಕಿನ ಮುಂದೆ ಕೈ ಕುಲುಕಿದ್ದರು. ಇಡೀ ಸಭೆ ನಕ್ಕಿತ್ತು. ಅವಳೂ ನಕ್ಕಿದ್ದಳು. ಆ ವರ್ಷ ಮಕ್ಕಳಾಗದ ಆಪರೇಷನ್ನಿಗೆ ಅವಳು ಒಪ್ಪಿಸಿದವರ ಸಂಖ್ಯೆ ಎಲ್ಲರಿಗಿಂತ ಹೆಚ್ಚು. ಒಂದು ಮಾತಿಗೆ ಒಂದು ತಲೆ ಅಲ್ಲಾಡಬೇಕು, ಅಂಥ ಮಾತು ಅವಳದು. ಆ ಹೆಂಗಸೂ ಆ ವರ್ಷದವಳೇ.

ಒಂದನೇ ಹಾಸಿಗೆಯ ಹುಡುಗಿಗೆ ಹಾಲು ಇಳಿಯುತ್ತಿಲ್ಲವೆಂಬ ಚಿಂತೆ ಬಿಟ್ಟರೆ ಬೇರೇನೂ ಕಿವಿಗೆ ಬೀಳುವ ಹಾಗಿರಲಿಲ್ಲ. ಮಗುವಿನ ಬಾಯಿಯನ್ನು ಹೇಗೆ ಅಗಲ ತೆರೆಸಬೇಕೆಂದು ತೋರಿಸಿ ಎದ್ದಳು. ನಾಲ್ಕನೆಯ ಹಾಸಿಗೆಯಲ್ಲಿ ಬಾಣಂತಿ ನಿದ್ದೆ ಮಾಡುತ್ತಿದ್ದಳು, ಅವಳ ಅತ್ತೆ ಎಚ್ಚರವಾಗಿದ್ದಳು. ಗರ್ಭ ತಡೆಯುವ ಉಪಾಯಗಳ ಚಿತ್ರದ ಪುಸ್ತಕ ತೆರೆಯುವುದರೊಳಗೆ ಅತ್ತೆ, "ನಿಮಗೆಷ್ಟು ಮಕ್ಕಳು?" ಅಂದಳು. ಒಂದು ಅಂದಾಗ, "ಅದಕ್ಕೇ ನಿಮಗೆ ಬೇರೆಯವರ ಮಕ್ಕಳೂ ಜಾಸ್ತಿ ಅನ್ನಿಸೋದು" ಎಂದು ಕಿತ್ತಲೆ ಸುಲಿಯತೊಡಗಿದಳು. ಬೇರೆ ದಿನವಾಗಿದ್ದರೆ ಇದಕ್ಕೊಂದು ಉತ್ತರವಿತ್ತು. ನಗಿಸುವ ಉತ್ತರ, ಅತ್ತೆಯೇ ಸೊಸೆಯನ್ನು ಎಬ್ಬಿಸಿ 'ಕೇಳೇ' ಅನ್ನುವಂಥದ್ದು. ಇವತ್ತು ಪುಸ್ತಕ ಮುಚ್ಚಿ ಎದ್ದಳು. ಬೆಳಿಗ್ಗೆ ಮನೆಯಲ್ಲಿ ಬೂಟಿನ ದಾರ ಕಟ್ಟುತ್ತ ಗಂಡ, "ಇವತ್ತು ಯಾರ ಮನೆ ತೊಟ್ಟಿಲು ಖಾಲಿ ಮಾಡಿಸ್ತೀಯ?" ಎಂದು ಕೇಳಿದ್ದ. ದಿನವೂ ಕೇಳುವ ತಮಾಷೆ, ಅದರಲ್ಲಿ ವಿಷವಿಲ್ಲ. ಅವಳ ಊಟದ ಡಬ್ಬಿ ತೊಳೆದಿಡುವ ಮನುಷ್ಯ. ಆದರೂ ಖಾಲಿ ಅನ್ನುವ ಪದ ಬಸ್ಸಿನ ತನಕ ಜೊತೆಗೆ ಬಂದಿತ್ತು. ಏಳು ವರ್ಷದ ಹಿಂದೆ, ಹತ್ತನೇ ಹಾಸಿಗೆಯ ಪಕ್ಕದ ಆ ಹೆಂಗಸು ಹೊರರೋಗಿಗಳ ಕೋಣೆಯ ಬಾಗಿಲಲ್ಲಿ ನಿಂತಾಗ ಅವಳ ಹೆಗಲ ಮೇಲಿನ ಶಾಲು ಹೀಗೇ ಖಾಲಿ ಇಳಿಬಿದ್ದಿತ್ತು. ಮೂರು ತಿಂಗಳ ಕೂಸು, ಎರಡು ದಿನದ ಜ್ವರ, ಉಸಿರಾಟದ ತೊಂದರೆ, ಹೋಗಿಬಿಟ್ಟಿತ್ತು. ಬೈಯಲಿಲ್ಲ, ಅಳಲೂ ಇಲ್ಲ. "ಮೇಡಂ, ಆ ಆಪರೇಷನ್ನ ಬಿಚ್ಚೋಕಾಗುತ್ತಾ?" ಎಂದಷ್ಟೇ ಕೇಳಿದ್ದಳು, ಬಿಗಿಯಾದ ಗಂಟೊಂದನ್ನು ತೋರಿಸುವವಳ ಹಾಗೆ. ಉತ್ತರ ಹುಡುಕುತ್ತಿದ್ದಾಗ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು, ಇವಳು ಎತ್ತಿದಳು. ಮೀಟಿಂಗಿಗೆ ಎಷ್ಟು ಕುರ್ಚಿ ಬೇಕು ಎಂದು ಯಾರೋ ಕೇಳುತ್ತಿದ್ದರು. ಮೂವತ್ತು ಎಂದು ಹೇಳಿ ಫೋನ್ ಇಟ್ಟು ತಲೆಯೆತ್ತಿದರೆ ಬಾಗಿಲು ಬರಿದಾಗಿತ್ತು. ಇವಳು ಎದ್ದು ಓಡಲಿಲ್ಲ. ಓಡಬಹುದಿತ್ತು, ಮೆಟ್ಟಿಲ ಹತ್ತಿರವಾದರೂ ಸಿಗುತ್ತಿದ್ದಳು. ಫೋನ್ ಬಂದದ್ದು ಒಳ್ಳೆಯದಾಯಿತು ಎಂದು ಒಂದು ಗಳಿಗೆ ಅನ್ನಿಸಿತ್ತಲ್ಲ, ಅದನ್ನು ಇವಳು ಇದುವರೆಗೆ ಯಾರಿಗೂ ಹೇಳಿಲ್ಲ.

"ಹತ್ತನೇದು ಮಾತಾಡಿದ್ರಾ?" ಹಿರಿಯ ನರ್ಸ್ ಔಷಧಿಯ ಟ್ರಾಲಿ ತಳ್ಳುತ್ತ ಬಂದು ಕೇಳಿದರು. ಅವರ ಮಾತು ಯಾವಾಗಲೂ ಗಡಿಯಾರ ನೋಡಿಕೊಂಡು ಆಡಿದ ಹಾಗೆ.

"ಮಾತಾಡ್ತಿದೀನಿ."

"ಮಾತಾಡ್ತಿದೀನಿ ಅಂದ್ರೆ? ಎರಡಕ್ಕೆ ಡಿಸ್ಚಾರ್ಜ್. ಹೆರಿಗೆ ಆದ್ಮೇಲೆ ರಕ್ತ ನಿಲ್ಲದೆ ಏನಾಗಿತ್ತು ಗೊತ್ತಲ್ಲ, ಮೂರು ಬಾಟಲಿ ಏರಿಸಿದೀವಿ. ಮೊದಲನೇ ಮಗುಗೆ ಇನ್ನೂ ಒಂದೂವರೆ ವರ್ಷ. ಕಡಿಮೆ ಅಂದ್ರೆ ಮೂರು ವರ್ಷ ಇನ್ನೊಂದು ಆಗೋ ಹಾಗಿಲ್ಲ ಅಂತ ಡಾಕ್ಟರ್ ಬರೆದಿದಾರೆ. ನಾನು ಕೇಳಿದ್ರೆ ಗೋಡೆ ಕಡೆ ತಿರುಗ್ತಾಳೆ. ನಿಮ್ಮ ಬಾಯಿಗೆ ಬಗ್ಗಬಹುದು."

ಬಗ್ಗುವುದು. ಅವಳು ತಲೆಯಾಡಿಸಿ ಎಂಟನೆಯ ಹಾಸಿಗೆಯ ಪರದೆಯ ಮರೆಗೆ ಹೋಗಿ, ಏನೂ ಬರೆಯಲಿಕ್ಕಿಲ್ಲದ ಹಾಳೆಯ ಮೇಲೆ ಪೆನ್ನು ಹಿಡಿದು ನಿಂತಳು. ಪರದೆಯ ಸಂದಿಯಲ್ಲಿ ಹತ್ತನೇ ಹಾಸಿಗೆ ಕಾಣುತ್ತಿತ್ತು. ಬಾಣಂತಿ ಒಗೆದು ಹಿಂಡಿದ ಬಟ್ಟೆಯ ಬಣ್ಣಕ್ಕಿದ್ದಳು. ಆ ಹೆಂಗಸು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅವಳ ಬಾಯಿಗಿಡುತ್ತ, ಸುರಿದದ್ದನ್ನು ಹೆಬ್ಬೆರಳಿನಿಂದ ಒರೆಸುತ್ತ ಏನೋ ಗದರುತ್ತಿದ್ದಳು. "ಅಕ್ಕಾ, ಸಾಕು" ಎಂದು ಬಾಣಂತಿ ಮುಖ ತಿರುಗಿಸಿದಾಗಲೇ ಇಬ್ಬರೂ ಒಡಹುಟ್ಟಿದವರೆಂದು ತಿಳಿದದ್ದು. ಮುಖದಲ್ಲಿ ಹೋಲಿಕೆಯಿಲ್ಲ, ಬೇಡವೆನ್ನುವಾಗ ಗಲ್ಲ ಎತ್ತುವ ರೀತಿಯಲ್ಲಿತ್ತು. ಅಕ್ಕನಿಗೆ ಮೂವತ್ತಾರೋ ಮೂವತ್ತೇಳೋ, ತಂಗಿಗೆ ಇಪ್ಪತ್ಮೂರು. ನಡುವೆ ಹದಿಮೂರು ವರ್ಷ. ಎತ್ತಿ ಬೆಳೆಸಿದವಳೇ ಇರಬೇಕು. ಔಷಧಿಯ ಚೀಟಿ ಹಿಡಿದು ಅಕ್ಕ ಬಾಗಿಲು ದಾಟುವುದನ್ನೇ ಕಾದು, ಕಳ್ಳ ಹೆಜ್ಜೆಯಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತಳು. ಇಪ್ಪತ್ತು ವರ್ಷದಲ್ಲಿ ಒಬ್ಬಳ ಜೊತೆ ಮಾತಾಡಲು ಇನ್ನೊಬ್ಬಳು ಎದ್ದು ಹೋಗಲೆಂದು ಕಾದದ್ದು ಇದೇ ಮೊದಲು.

"ನಾನು..." ಎಂದು ಶುರು ಮಾಡಿದಳು.

"ಗೊತ್ತು. ಗ್ಯಾಪಮ್ಮ. ನಿನ್ನೆಯಿಂದ ಎಲ್ಲರೂ ಹೇಳ್ತಿದಾರೆ, ಗ್ಯಾಪಮ್ಮ ಬರ್ತಾರೆ, ಗ್ಯಾಪಮ್ಮ ಬರ್ತಾರೆ ಅಂತ. ಯಾರೋ ದೊಡ್ಡ ಮೀಸೆ ಇರೋರು ಬರ್ತಾರೆ ಅಂದ್ಕೊಂಡಿದ್ದೆ."

ಇಬ್ಬರಿಗೂ ನಗು ಬಂತು. ನಕ್ಕಾಗ ಬಾಣಂತಿಗೆ ಹೊಟ್ಟೆ ಹಿಡಿದುಕೊಂಡಿತು. ಮಗು ಅವಳ ಪಕ್ಕೆಗೆ ಅಂಟಿ ಮಲಗಿತ್ತು, ಬಾಯಿಯ ಮೂಲೆಯಲ್ಲಿ ಹಾಲಿನ ಗುಳ್ಳೆ. ಇವಳು ತಾನು ತಂದ ಟ್ರೇಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಹಾಸಿಗೆಯ ಮೇಲಿಟ್ಟು ಹೇಳಿದಳು. ಕಾಪರ್-ಟಿ, ಆದರೆ ಇಷ್ಟು ರಕ್ತ ಹೋದವಳಿಗೆ ಸದ್ಯಕ್ಕೆ ಅದು ಬೇಡ. ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್, ಆರು ವಾರ ಕಳೆದ ಮೇಲೆ. ಹಾಲೂಡಿಸುವವರಿಗೆಂದೇ ಇರುವ ಮಾತ್ರೆ, ದಿನವೂ ತಪ್ಪದೆ. ಗಂಡ ಬಳಸುವ ನಿರೋಧ್. ಆಮೇಲೆ ಬೆಂಕಿಕಡ್ಡಿಗಿಂತ ತುಸು ಸಣ್ಣ, ಬಾಗುವ ಕಡ್ಡಿ. ತೋಳಿನ ಚರ್ಮದ ಕೆಳಗಿಟ್ಟರೆ ಮೂರು ವರ್ಷ. ಹೇಳುವಾಗ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಬಾಣಂತಿ ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

"ಮೂರು ವರ್ಷ ಅಂದ್ರೆ ತುಂಬಾ ಆಯ್ತು ಮೇಡಂ. ಅಷ್ಟೊತ್ತಿಗೆ ಅಕ್ಕನಿಗೆ ನಲವತ್ತಾಗುತ್ತೆ."

"ಅಕ್ಕನ ವಯಸ್ಸಿಗೂ ಇದಕ್ಕೂ ಏನಮ್ಮ ಸಂಬಂಧ?"

ಬಾಣಂತಿ ಗೋಡೆ ಕಡೆ ತಿರುಗಲಿಲ್ಲ. ಬಾಗಿಲು ನೋಡಿ, ಆಮೇಲೆ ಇವಳ ಮುಖ ನೋಡಿ, ದನಿ ತಗ್ಗಿಸಿದಳು. "ಮುಂದಿನದು ಅಕ್ಕನಿಗೆ. ಅವಳಿಗೆ ಹೇಳ್ಬೇಡಿ ಮತ್ತೆ. ಅವಳಿಗಿರೋದು ಒಂದೇ ಹುಡುಗಿ. ಎರಡನೇದು ಹುಟ್ಟಿ ಮೂರು ತಿಂಗಳಿಗೆ ಹೋಯ್ತು, ಅಷ್ಟರಲ್ಲಿ ಆಪರೇಷನ್ ಆಗ್ಬಿಟ್ಟಿತ್ತು. ಇಲ್ಲೇ. ಯಾರೋ ಪುಸಲಾಯಿಸಿ ಮಾಡಿಸಿದ್ರಂತೆ, ಅಮ್ಮ ಈಗಲೂ ಬೈತಿರ್ತಾಳೆ. ನಾನು ಮದುವೆ ಆದಾಗಲೇ ಅಂದ್ಕೊಂಡಿದ್ದೆ, ನನ್ನದೊಂದು ಅವಳಿಗೆ ಅಂತ. ಇವಳನ್ನೇ ಕೊಡೋದು ಅಂತಿದ್ದೆ." ಮಗುವಿನ ಮುಷ್ಟಿ ಅವಳ ತೋರುಬೆರಳನ್ನು ಹಿಡಿದಿತ್ತು, ಅದನ್ನು ಬಿಡಿಸದೆ ಹಾಗೇ ಎತ್ತಿ ತೋರಿಸಿದಳು. "ನೋಡಿ, ಹುಟ್ಟಿದ ತಕ್ಷಣ ಹೀಗೆ ಹಿಡ್ಕೊಂಡ್ಬಿಟ್ಟಳು. ಆಗಲಿಲ್ಲ ನನ್ನ ಕೈಲಿ. ಅಕ್ಕ ಮೂರು ದಿನದಿಂದ ನನ್ನ ಬಟ್ಟೆ ಒಗೀತಿದಾಳೆ, ಇವಳನ್ನ ಒರೆಸಿ ಮಲಗಿಸ್ತಿದಾಳೆ, ನಾನು ಕಳ್ಳಿ ಹಾಗೆ ನೋಡ್ತಾ ಮಲಗಿದೀನಿ. ಮುಂದಿನದನ್ನ ಮುಖ ನೋಡೋಕೆ ಮುಂಚೆನೇ ಕೊಟ್ಬಿಡ್ತೀನಿ. ಮುಂದಿನ ವರ್ಷ ಆದ್ರೆ ಸರಿ. ಮೂರು ವರ್ಷ ಆಗಲ್ಲ."

"ನಿಮ್ಮ ಯಜಮಾನರಿಗೆ ಗೊತ್ತಾ?"

"ಗೊತ್ತು. ಆಗ ಹೂಂ ಅಂದಿದ್ರು. ಈ ಸಲ ರಕ್ತ ಏರಿಸ್ತಿದ್ದಾಗ ಹೊರಗೆ ನೆಲದ ಮೇಲೆ ಕೂತು ಅತ್ತರಂತೆ. ವೆಲ್ಡಿಂಗ್ ಮಾಡೋ ಮನುಷ್ಯ, ಕಣ್ಣಿಗೆ ಕಿಡಿ ಬಿದ್ರೂ ಅಳಲ್ಲ. ಆಮೇಲಿಂದ ಆ ಮಾತು ಎತ್ತಿಲ್ಲ."

ಪುಸಲಾಯಿಸಿ ಎಂಬ ಪದ ಸೆರಗಿಗೆ ಸಿಕ್ಕ ಮುಳ್ಳಿನ ಹಾಗೆ ಎಳೆಯಿತು. ಏಳು ವರ್ಷ ಅವಳು ತನ್ನ ತಪ್ಪನ್ನು ಒಬ್ಬ ಹೆಂಗಸಿನ, ಒಂದು ಬಾಗಿಲಿನ, ಒಂದು ಫೋನಿನ ತಪ್ಪು ಎಂದುಕೊಂಡಿದ್ದಳು. ಅದು ತನಗೆ ತಿಳಿಯದ ಹಾಗೆ ಒಂದು ಮನೆಯೊಳಗೆ ಬೆಳೆದು, ಹದಿನಾರು ವರ್ಷದ ಒಬ್ಬ ಹುಡುಗಿಯ ತಲೆಯೊಳಗೆ ಹೊಕ್ಕು, ಈಗ ಅವಳ ಮೈಯಲ್ಲಿ ಮೂರು ಬಾಟಲಿ ಬೇರೆಯವರ ರಕ್ತವಾಗಿ ಮಲಗಿದೆ. ಇಂಥ ಹೊತ್ತಿಗೆಂದೇ ಅವಳ ಹತ್ತಿರ ಒಂದು ಮಾತಿತ್ತು, ಹಳೆಯ ದಿನಗಳ ಮಾತು: ಮುಂದಿನ ಸಲ ನೀನು ಉಳಿಯದಿದ್ದರೆ ಈ ಎರಡನ್ನು ಯಾರು ನೋಡ್ತಾರೆ? ಹೇಳಿ ಎರಡು ನಿಮಿಷ ಸುಮ್ಮನಿದ್ದರೆ ಸಾಕು, ಯಾರಾದರೂ ತಲೆಯಾಡಿಸುತ್ತಿದ್ದರು. ಸುಳ್ಳೂ ಅಲ್ಲ ಅದು. ಡಾಕ್ಟರ್ ಬರೆದದ್ದೂ ಅದನ್ನೇ. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅಕ್ಕನ ಹತ್ತಿರವೂ ಇಂಥದ್ದೇ ಏನೋ ಹೇಳಿದ್ದಳಲ್ಲವೇ? ಏನು ಹೇಳಿದ್ದೆ? ನಾಳೆ ಬೆಳಿಗ್ಗೆಯ ಪಟ್ಟಿಯಲ್ಲಿ ಒಂದು ಜಾಗ ಉಳಿದಿದೆ, ಈಗ ಹೂಂ ಅಂದರೆ ಆಯಿತು, ಮತ್ತೆ ಇನ್ನೊಂದು ಸಲ ಆಸ್ಪತ್ರೆಗೆ ಯಾಕೆ ಅಲೆಯುತ್ತೀರಿ. ಬಸ್ಸಿನಲ್ಲಿ ಸೀಟು ಕೊಡಿಸುವವಳ ಹಾಗೆ.

"ನಿಮ್ಮಕ್ಕನ್ನ ಪುಸಲಾಯಿಸಿದವಳು ನಾನೇ" ಅಂದಳು.

ಬಾಣಂತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮಗುವನ್ನು ಒಂದು ಗೇಣು ತನ್ನ ಕಡೆಗೆ ಎಳೆದುಕೊಂಡಳು, ಅಷ್ಟೇ. ಹಾಸಿಗೆಯ ಮೇಲಿದ್ದ ಕಡ್ಡಿ, ಮಾತ್ರೆ ಎಲ್ಲ ಆ ಎಳೆತಕ್ಕೆ ಸರಿದು ಇವಳ ಮಡಿಲ ಹತ್ತಿರ ಬಂದವು. ಬೈದಿದ್ದರೆ ಸುಲಭವಾಗುತ್ತಿತ್ತು. ಆ ಒಂದು ಗೇಣನ್ನು ನೋಡುತ್ತ ಕೂತಿರುವಾಗ ಔಷಧಿಯ ಪೊಟ್ಟಣ ಹಿಡಿದು ಅಕ್ಕ ಬಂದಳು. ಬ್ಯಾಗ್ ಹೊಲಿಯುವ ಕಾರ್ಖಾನೆಯವಳ ಬೆರಳು, ತುದಿಯಲ್ಲೆಲ್ಲ ಸೂಜಿಯ ಕಪ್ಪು ಚುಕ್ಕೆ. ಇಬ್ಬರ ಮುಖವನ್ನೂ ನೋಡಿ, "ಏನಾಯ್ತು? ಮತ್ತೆ ರಕ್ತ ಹೋಗ್ತಿದೆಯಾ?" ಎಂದು ಹೊದಿಕೆ ಎತ್ತಲು ಹೋದಳು.

"ಇಲ್ಲ ಅಕ್ಕಾ. ಇವರೇ ಅಂತೆ, ಆವತ್ತು ನಿನಗೆ ಆಪರೇಷನ್ ಮಾಡಿಸಿದ್ದು."

ಅಕ್ಕ ಇವಳನ್ನು ದಿಟ್ಟಿಸಿದಳು. ಇವಳು ಸ್ಟೂಲಿನಿಂದ ಎದ್ದು ನಿಂತಳು. ಏಳು ವರ್ಷ ಕನ್ನಡಿಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ಈ ದೃಷ್ಟಿಗೆ ಎಷ್ಟು ಸಲ ಉತ್ತರ ಕೊಟ್ಟಿದ್ದಳೋ.

"ನೀವಾ? ದಪ್ಪಗೆ, ಬೆಳ್ಳಗೆ ಇನ್ನೊಬ್ಬರು ಇದ್ದರಲ್ಲ, ಅವರು ಅಂದ್ಕೊಂಡಿದ್ದೆ."

"ಅಲ್ಲ. ನಾನೇ. ಮೂರು ತಿಂಗಳಾದ ಮೇಲೆ ಹೊರಗಿನ ಕೋಣೆಗೆ ಬಂದು ಕೇಳಿದ್ರಲ್ಲ, ಬಿಚ್ಚೋಕಾಗುತ್ತಾ ಅಂತ. ನಾನು ಫೋನ್ ಎತ್ಕೊಂಡೆ. ನೀವು ಹೋಗ್ಬಿಟ್ರಿ."

"ಕೇಳಿದ್ನಾ?" ಅಕ್ಕ ಪೊಟ್ಟಣವನ್ನು ತಲೆದಿಂಬಿನ ಪಕ್ಕ ಇಟ್ಟು, ಹಾಸಿಗೆಯ ಅಂಚಿನಲ್ಲಿ ನಿಧಾನಕ್ಕೆ ಕೂತಳು. "ಇರಬಹುದು. ಆಗ ಎಲ್ಲರನ್ನೂ ಏನೇನೋ ಕೇಳ್ತಿದ್ದೆ. ಒಂದು ದಿನ ಬಸ್ಸಿನ ಕಂಡಕ್ಟರ್‌ನ ಕೇಳಿದ್ದೆ, ಈ ಬಸ್ಸು ಹಿಂದಕ್ಕೆ ಹೋಗುತ್ತಾ ಅಂತ. ಪಾಪ ಅವನು ಟಿಕೆಟ್ ಕೊಡದೆ ನನ್ನ ಮನೆ ಹತ್ರ ಇಳಿಸಿ ಹೋದ. ನಿಮ್ಮ ಫೋನು ನನಗೆ ನೆನಪೇ ಇಲ್ಲ."

ನೆನಪೇ ಇಲ್ಲ. ಅವಳಿಗೆ ಹಗುರಾಗಬೇಕಿತ್ತು. ಬದಲಿಗೆ ನಾಚಿಕೆಯಾಯಿತು. ತಾನು ಇಷ್ಟು ವರ್ಷ ಹೊತ್ತು ತಿರುಗಿದ ಆ ಬಾಗಿಲು, ಆ ಮೂವತ್ತು ಕುರ್ಚಿ, ಆ ಹೆಂಗಸಿನ ದುಃಖದಲ್ಲಿ ಒಂದು ಮೂಲೆಯಲ್ಲೂ ಇರಲಿಲ್ಲ. ಅವಳ ದುಃಖದೊಳಗೆ ತನಗೊಂದು ದೊಡ್ಡ ಪಾತ್ರ ಕೊಟ್ಟುಕೊಂಡು ಕೂತಿದ್ದೆ ಎಂದು ತಿಳಿಯಲು ಏಳು ವರ್ಷ ಬೇಕಾಯಿತೇ.

"ಪುಸಲಾಯಿಸಿ ಮಾಡಿಸಿದ್ರು ಅಂತ ಅಮ್ಮ ಹೇಳ್ತಾಳಲ್ಲ" ಎಂದಳು ಬಾಣಂತಿ.

"ಅಮ್ಮ ಹೇಳ್ತಾಳೆ. ನಾನು ಯಾವತ್ತಾದ್ರೂ ಹೇಳಿದೀನಾ?" ಅಕ್ಕನ ದನಿ ಮೊದಲ ಸಲ ಗಟ್ಟಿಯಾಯಿತು. "ನಾನೇನು ಬುದ್ಧಿ ಇಲ್ಲದವಳಾ, ಯಾರೋ ಎರಡು ಮಾತು ಹೇಳಿದ್ರೆ ಹೋಗಿ ಮಲಗೋಕೆ? ನನಗೆ ಎರಡು ಸಾಕಿತ್ತು. ಬಸುರಿ ಆದಾಗಲೇ ನಿಮ್ಮ ಭಾವನಿಗೆ ಹೇಳಿದ್ದೆ, ಇದೇ ಕೊನೆ ಅಂತ. ನಾನೇ ಯೋಚನೆ ಮಾಡಿ ಮಾಡಿದ ಒಂದೇ ಒಂದು ಕೆಲಸ ಅದು. ಆಮೇಲೆ ಕೂಸು ಹೋಯ್ತು. ಅದು ಬೇರೆ, ಇದು ಬೇರೆ. ಎರಡನ್ನೂ ಸೇರಿಸಿ ಗಂಟು ಹಾಕಿದ್ದು ನೀವೆಲ್ಲ." ಇವಳ ಕಡೆ ತಿರುಗಿದಳು. "ನೀವೂ ಹಾಗೇ ಅಂದ್ಕೊಂಡ್ರಾ?"

ಇವಳು ಹೂಂ ಅಂದಳು.

"ಒಂದು ಮಾತ್ರ ಹೇಳ್ತೀನಿ. ನಿಮ್ಮ ಮುಖ ನೆನಪಿಲ್ಲ, ಆ ಪುಸ್ತಕ ನೆನಪಿದೆ." ಸ್ಟೂಲಿನ ಕಾಲಿಗೆ ಒರಗಿಸಿದ್ದ ಚಿತ್ರದ ಪುಸ್ತಕ ತೋರಿಸಿದಳು. "ಮೊದಲನೇ ಹಾಳೆ ತೋರಿಸಿದ್ರಿ, ಗಂಡ ಹೆಂಡ್ತಿ ಇಬ್ಬರು ಮಕ್ಕಳು ನಗ್ತಾ ನಿಂತಿರೋದು. ಆಮೇಲೆ ನಡುವೆ ಇದ್ದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡ್ಕೊಂಡು ಮಗುಚಿ, ಕೊನೇದು ತೋರಿಸಿದ್ರಿ. ಅದರಲ್ಲಿ ಏನಿತ್ತು ಅಂತ ಎಷ್ಟೋ ದಿನ ಯೋಚಿಸಿದೀನಿ. ಮಷೀನ್ ತುಳೀತಾ ತುಳೀತಾ ಯೋಚಿಸಿದೀನಿ. ನೋಡಿದ್ರೂ ಅದನ್ನೇ ಮಾಡಿಸ್ಕೊಳ್ತಿದ್ದೆನೋ ಏನೋ. ಆದ್ರೆ ತೋರಿಸಬೇಕಿತ್ತು ನೀವು."

ಇಂಥದ್ದೊಂದು ಮಾತಿಗಾಗಿಯೇ ಏಳು ವರ್ಷ ಕಾದಿದ್ದಳೇನೋ; ಬಂದಾಗ ಅದು ಇಷ್ಟು ಚಿಕ್ಕದಾಗಿತ್ತು, ಇಷ್ಟು ಸರಿಯಾಗಿತ್ತು. "ತೋರಿಸಬೇಕಿತ್ತು. ತಪ್ಪಾಯ್ತು" ಅಂದಳು.

ಬಾಣಂತಿ ಇಬ್ಬರನ್ನೂ ಬಿಟ್ಟು ಸೂರು ನೋಡುತ್ತಿದ್ದಳು. ಕಣ್ಣಿನಿಂದ ಇಳಿದದ್ದು ಕಿವಿಯೊಳಗೆ ಹೋಗುತ್ತಿತ್ತು. "ಹಾಗಾದ್ರೆ ನಿನಗೆ ಇನ್ನೊಂದು ಬೇಡವಾ ಅಕ್ಕಾ?"

"ಬೇಕಿತ್ತು." ಅಕ್ಕ ಸೆರಗಿನ ತುದಿಯಿಂದ ತಂಗಿಯ ಕಿವಿ ಒರೆಸಿದಳು. "ಆ ಕೂಸೇ ಬೇಕಿತ್ತು. ಇನ್ನೊಂದಲ್ಲ. ಯಾಕೆ ಕೇಳ್ತೀಯ?"

"ನಾನು ಕೊಡೋಣ ಅಂತ. ಮುಂದಿನದು."

ವಾರ್ಡಿನ ಆ ತುದಿಯಲ್ಲಿ ಯಾವುದೋ ಮಗು ಅಳಲು ಶುರು ಮಾಡಿ, ಹಾಲು ಸಿಕ್ಕು ನಿಲ್ಲಿಸಿತು. ಅಕ್ಕ ಒರೆಸುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು. ಆಮೇಲೆ, "ನಾನು ಯಾವಾಗ ಕೇಳಿದೆ ನಿನ್ನ?" ಅಂದಳು. "ನಾನೇನು ಬಂದು ಅಳತೆ ಕೊಟ್ಟು ಹೋಗಿದ್ನಾ, ಇಂಥ ದಿನಕ್ಕೆ ಹೊಲಿದಿಡು ಅಂತ? ಅದಕ್ಕೇನಾ ಒಂದರ ಬೆನ್ನಿಗೆ ಒಂದು ಹೆತ್ತಿದ್ದು? ಚಿಕ್ಕವಳಿದ್ದಾಗಲೂ ಹಿಂಗೇ ಮಾಡ್ತಿದ್ದೆ, ನನಗೆ ಅಂತ ಜೇಬಲ್ಲಿ ಬಿಸ್ಕತ್ತು ಇಟ್ಕೊಂಡು ಪುಡಿ ಮಾಡ್ಕೊಂಡು ಬರ್ತಿದ್ದೆ." ಗದರಿಕೆ ಅಲ್ಲಿಗೆ ನಿಂತಿತು. ದನಿ ಬೇರೆಯಾಯಿತು, ತಂಗಿಗಲ್ಲ, ಹೊದಿಕೆಗೆ ಹೇಳುವ ಹಾಗೆ. "ನಿನಗೆ ರಕ್ತ ನಿಲ್ಲಲಿಲ್ಲ ಅಂತ ಇವರೆಲ್ಲ ಓಡಾಡ್ತಿದ್ದಾಗ ನಾನು ಆ ಬಾಗಿಲಲ್ಲಿ ನಿಂತಿದ್ದೆ. ಮಗು ಹೇಗಿದೆ ಅಂತ ಒಂದು ಸಲನೂ ಕೇಳಲಿಲ್ಲ. ಹೇಳೋಕೆ ನಾಚಿಕೆ ಆಗುತ್ತೆ. ಎತ್ಕೊಳ್ಳಿ ಅಂತ ನರ್ಸಮ್ಮ ಕೈಗೆ ಕೊಟ್ಟರೆ ಬೇಡ ಅಂದ್ಬಿಟ್ಟೆ. ನನ್ನ ತಂಗಿ ಬರಲಿ ಮೊದಲು ಅಂದೆ."

ಇವಳು ಆ ಹೊತ್ತಿಗೆ ಅಲ್ಲಿಂದ ಹೋಗಬೇಕಿತ್ತು. ಬೇರೆಯವರ ಮನೆಯ ಅಡುಗೆಕೋಣೆಯಲ್ಲಿ ನಿಂತ ಹಾಗಿತ್ತು. ಟ್ರೇ ಎತ್ತಿಕೊಳ್ಳಲು ಬಗ್ಗಿದಾಗ ಅಕ್ಕ, "ಎಲ್ಲಿ ಹೋಗ್ತೀರಿ? ತೋರಿಸಿ ಈಗ" ಎಂದಳು. "ಪೂರ್ತಿ ತೋರಿಸಿ. ನಾನೂ ನೋಡ್ತೀನಿ."

ಅವಳು ಮತ್ತೆ ಕೂತು, ಪುಸ್ತಕವನ್ನು ಮೊಣಕಾಲ ಮೇಲೆ ನಿಲ್ಲಿಸಿ ಒಂದೊಂದೇ ಹಾಳೆ ಮಗುಚಿದಳು. ಬಳಸಿ ಬಳಸಿ ಮೊದಲ ಹಾಳೆಯ ಮೂಲೆ ಮೆತ್ತಗಾಗಿತ್ತು; ನಡುವಿನವು ಈಗಲೂ ಗರಿಗರಿ. ಇಪ್ಪತ್ತು ವರ್ಷದ ಬಾಯಿಪಾಠ ಹೇಳುವವಳು ಆ ದಿನ ಪ್ರತಿ ಚಿತ್ರಕ್ಕೂ ತಡವರಿಸಿದಳು, ಮೊದಲ ಸಲ ಓದುವವಳ ಹಾಗೆ. ಇದರಿಂದ ಏನು ಅನುಕೂಲ, ಏನು ತೊಂದರೆ, ಯಾರಿಗೆ ಆಗುವುದಿಲ್ಲ. ಅಕ್ಕ ಕತ್ತು ಮುಂದೆ ಚಾಚಿ ನೋಡುತ್ತಿದ್ದಳು, ಕಾರ್ಖಾನೆಗೆ ಬಂದ ಹೊಸ ಮಷೀನು ನೋಡುವ ಹಾಗೆ. "ಇದು ಆಗಲೂ ಇತ್ತಾ?" ಎಂದು ಕಾಪರ್-ಟಿಯ ಚಿತ್ರದ ಮೇಲೆ ಬೆರಳಿಟ್ಟಳು. ಇತ್ತು. "ಇದು?" ಎಂದು ಕಡ್ಡಿಯ ಚಿತ್ರಕ್ಕೆ ಬಂದಳು. ಇದು ಇರಲಿಲ್ಲ, ಆಮೇಲೆ ಬಂದು ಪುಸ್ತಕಕ್ಕೆ ಸೇರಿದ ಹಾಳೆ. "ಹೂಂ" ಎಂದು ಬೆರಳು ತೆಗೆದಳು. ಅದರಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಲೆಕ್ಕ ಬೇಕಿದ್ದವಳಿಗೆ ಲೆಕ್ಕ ಸಿಕ್ಕಿತ್ತು, ಅಷ್ಟೇ. ಗಂಡಸರ ಆಪರೇಷನ್ನಿನ ಹಾಳೆ ಬಂದಾಗ ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದನ್ನ ಅವರಿಗೆ ತೋರಿಸಿದ್ರೆ ಊರು ಬಿಟ್ಟು ಓಡ್ತಾರೆ" ಎಂದು ಬಾಣಂತಿ ಅಂದಳು, ಹೊಟ್ಟೆ ಹಿಡಿದುಕೊಂಡೇ ಮೂವರೂ ನಕ್ಕರು.

ಕೊನೆಗೆ ಬಾಣಂತಿ ಎತ್ತಿಕೊಂಡದ್ದು ಆ ಕಡ್ಡಿಯನ್ನೇ. ಎತ್ತಿಕೊಂಡೂ ಬಿಡದೆ ಕೇಳಿದಳು: ಹಾಲು ಕಡಿಮೆಯಾಗುತ್ತಾ? ಇಲ್ಲ. ನೋಯುತ್ತಾ? ಮರಗಟ್ಟಿಸುವ ಸೂಜಿ ಚುಚ್ಚುವಾಗ ಸ್ವಲ್ಪ. ಬೇರೇನಾದರೂ? ಮುಟ್ಟು ಏರುಪೇರಾಗಬಹುದು, ಯಾವಾಗಲೋ ಬರಬಹುದು, ಬರದೆಯೂ ಇರಬಹುದು; ಅದು ಸಹಿಸಲಿಕ್ಕಾಗುವುದಿಲ್ಲ ಅನ್ನಿಸಿದರೆ ಬಂದು ತೆಗೆಸಿಕೊಳ್ಳಬಹುದು, ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. "ಇವತ್ತೇ ಹೇಳಬೇಕಾ?" ಎಂದಾಗ, ಇವಳು ಒಂದು ಗಳಿಗೆ ಹಿರಿಯ ನರ್ಸಿನ ಮುಖ ನೆನೆದು, "ಇಲ್ಲ. ಮನೆಗೆ ಹೋಗಿ ಯೋಚನೆ ಮಾಡಿ ಬರಬಹುದು. ಆದರೆ ಅಲ್ಲಿಯವರೆಗೆ ಮಾತ್ರೆಯೋ ಇನ್ನೊಂದೋ ಬಿಡದೆ ಬಳಸಬೇಕು. ನಿಮ್ಮ ಮೈಗೆ ಈಗ ಸ್ವಲ್ಪ ಪುರುಸೊತ್ತು ಬೇಕು" ಎಂದಳು. ಬಾಣಂತಿ ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಕಬ್ಬಿಣ ಬಡಿಯುವ ಸದ್ದು, ಆಮೇಲೆ ಸದ್ದು ನಿಂತು ಒಂದು ಗಂಡಸು ದನಿ. ಕಡ್ಡಿ, ಮೂರು ವರ್ಷ, ಅಕ್ಕನಿಗೆ ಎಲ್ಲ ಹೇಳಿದೆ ಅಂದಳು. ಅವನು, "ನೀನು ಊಟ ಮಾಡಿದ್ಯಾ?" ಎಂದು ಕೇಳಿದ್ದು ಇವಳಿಗೂ ಕೇಳಿಸಿತು. ಫೋನ್ ಇಟ್ಟು ಬಾಣಂತಿ ಎಡದ ತೋಳು ಮಡಚಿ, ಬಿಚ್ಚಿ ನೋಡಿಕೊಂಡಳು. "ಇದರಲ್ಲಿಡಿ. ಮಗುನ ಬಲದ ಕೈಯಲ್ಲಿ ಎತ್ಕೋತೀನಿ."

ಹನ್ನೆರಡೂವರೆಗೆ ಡಾಕ್ಟರ್ ಬಂದು ಚಿಕ್ಕ ಕೋಣೆಯಲ್ಲಿ ಅದನ್ನು ಇಟ್ಟು, ಬ್ಯಾಂಡೇಜು ಸುತ್ತಿ ಕಳಿಸಿದರು. ಐದೇ ನಿಮಿಷದ ಕೆಲಸ. ಅಷ್ಟು ಹೊತ್ತೂ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹಿರಿಯ ನರ್ಸ್ ಹಾದು ಹೋಗುತ್ತ, "ನಾನು ಹೇಳಲಿಲ್ವಾ, ನಿಮ್ಮ ಬಾಯಿಗೆ ಬಗ್ತಾಳೆ ಅಂತ" ಅಂದರು. ಅಲ್ಲ ಎಂದು ಹೇಳಲು ಇವಳು ಬಾಯಿ ತೆರೆಯುವುದರೊಳಗೆ ಅವರ ಟ್ರಾಲಿ ತಿರುವಿನಾಚೆ ಹೋಗಿತ್ತು.

ಎರಡಕ್ಕೆ ಹತ್ತು ನಿಮಿಷವಿರುವಾಗ ಡಿಸ್ಚಾರ್ಜ್ ಕಾಗದ, ಕಬ್ಬಿಣದ ಮಾತ್ರೆ, ಮತ್ತೆ ಬರಬೇಕಾದ ದಿನ ಬರೆದ ಕಾರ್ಡು ಹಿಡಿದು ಹತ್ತನೇ ಹಾಸಿಗೆಗೆ ಹೋದರೆ ಇಬ್ಬರೂ ಮಲಗಿಬಿಟ್ಟಿದ್ದರು. ರೋಗಿಯ ಹಾಸಿಗೆಯ ಮೇಲೆ ಜೊತೆಯವರು ಮಲಗುವ ಹಾಗಿಲ್ಲ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ಅಕ್ಕ ಚಪ್ಪಲಿ ಬಿಟ್ಟು, ಕಾಲು ಮಡಚಿ, ಆ ಇಕ್ಕಟ್ಟಿನಲ್ಲಿ ಎಷ್ಟು ಜಾಗ ಸಿಕ್ಕಿತೋ ಅಷ್ಟರಲ್ಲಿ ಮುದುರಿಕೊಂಡಿದ್ದಳು. ತಂಗಿಯ ಬ್ಯಾಂಡೇಜು ಸುತ್ತಿದ ತೋಳು ಅವಳ ಸೊಂಟದ ಮೇಲಿತ್ತು. ಮೂರು ದಿನದ ನಿದ್ದೆ ಇಬ್ಬರಿಗೂ ಒಟ್ಟಿಗೆ ಬಂದ ಹಾಗೆ ಬಾಯಿ ತೆರೆದಿತ್ತು. ಎಬ್ಬಿಸಬೇಕಿತ್ತು. ಹೊರಗೆ ಬೆಂಚಿನ ಮೇಲೆ ಇದೇ ಹಾಸಿಗೆಗೆ ಕಾಯುತ್ತ ಇನ್ನೊಬ್ಬಳು ಕೂತಿದ್ದಳು, ಆಯಾ ಹೊಸ ಚಾದರ ಹಿಡಿದು ಬರುತ್ತಿದ್ದಳು. ಬೆರಳು ತುಟಿಗಿಟ್ಟು ಅವಳನ್ನು ತಡೆದು, "ಹನ್ನೆರಡನೇದು ತುರ್ತಿಗೆ ಅಂತ ಖಾಲಿ ಇಟ್ಟಿದಾರಲ್ಲ, ಅವರನ್ನ ಅಲ್ಲಿಗೆ ಕರ್ಕೊಂಡು ಹೋಗು" ಅಂದಳು. ಆಯಾ ಹುಬ್ಬೇರಿಸಿ ಹೋದಳು. ಅಷ್ಟರಲ್ಲಿ ಮಗು ಕೈಕಾಲು ಆಡಿಸಿ, ಮುಖ ಕೆಂಪು ಮಾಡಿ, ಅಳುವಿನ ಮುಂಚಿನ ಆ ಸಣ್ಣ ಸದ್ದು ಮಾಡಿತು. ತಾಯಿಯ ರೆಪ್ಪೆ ಅಲುಗಿತು.

ಅವಳು ಕಾಗದಗಳನ್ನು ಸ್ಟೂಲಿನ ಮೇಲಿಟ್ಟು, ಇಬ್ಬರ ನಡುವಿನಿಂದ ಮಗುವನ್ನು ಮೆಲ್ಲಗೆ ಎತ್ತಿಕೊಂಡಳು. ಇಪ್ಪತ್ತು ವರ್ಷ ಮಕ್ಕಳ ಪಕ್ಕದಲ್ಲೇ ಕೂತು ಮಾತಾಡಿದ್ದಳು. ಮಾತು ಮುಗಿದ ಮೇಲೆ ಒಂದನ್ನು ಎತ್ತಿಕೊಂಡು ಸುಮ್ಮನೆ ನಿಂತದ್ದು ನೆನಪಿಗೆ ಬರಲಿಲ್ಲ. ಹೆಗಲಿಗೆ ಹಾಕಿಕೊಂಡಾಗ ಭಾರವೇ ಇಲ್ಲ, ಬರೀ ಬಿಸಿ. ಕಿಟಕಿಯ ಹತ್ತಿರ ಹೋದಳು. ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ಯಾರದೋ ಚಾದರಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು, ಗೇಟಿನ ಬಳಿ ಕಿಡಿ ತಾಗಿ ತೂತು ಬಿದ್ದ ಅಂಗಿಯ ಒಬ್ಬ ಮನುಷ್ಯ ಆಟೋದವನಿಗೆ ನಿಲ್ಲು ಎಂದು ಕೈಸನ್ನೆ ಮಾಡುತ್ತಿದ್ದ, ಅವನ ಸೊಂಟದ ಮೇಲೆ ಒಂದೂವರೆ ವರ್ಷದ ಹುಡುಗಿ. ಹೆಗಲ ಮೇಲಿನದು ಮತ್ತೆ ಮುಲುಗಿತು.

"ಷ್, ಅಮ್ಮ ಮಲಗಿದಾಳೆ" ಎಂದಳು ಅವಳು ಅದರ ಕಿವಿಯಲ್ಲಿ. "ಮಲಗಲಿ. ಅವಳಿಗೆ ಯಾವ ಅರ್ಜೆಂಟೂ ಇಲ್ಲ."